ಮನೆಯ ಪಕ್ಕದಲ್ಲಿ ಮತ್ತೊಂದು ಮನೆ: ಕಟ್ಟುವ ಮೊದಲು ತಿಳಿಯಬೇಕಾದ ನಿಯಮಗಳು

(ಮಾರಿಕುಪ್ಪಂ ಸುತ್ತಿನ ರೈತರಿಗಾಗಿ ನೀಡಿದ ಭಾಷಣದ ಪಾಠ)



ಮಗನಿಗೆ ಮದುವೆಯಾದರೆ ಇನ್ನೊಂದು ಕೋಣೆ ಬೇಕಾಗುತ್ತದೆ. ವಯಸ್ಸಾದ ತಂದೆತಾಯಿಗೆ ಮೆಟ್ಟಿಲು ಹತ್ತುವ ತೊಂದರೆಯಿಲ್ಲದ ಜಾಗ ಬೇಕು. ರೇಷ್ಮೆ ಸಾಕುವವರಿಗೆ ಹುಳುವಿನ ಮನೆ ವಾಸದ ಮನೆಯಿಂದ ಬೇರೆಯಾಗಿರಬೇಕು. ಮಾರಿಕುಪ್ಪಂನಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಸಂಸಾರಗಳಿಗೆ ಬಾಡಿಗೆ ಕೋಣೆ ಬೇಕು. ಇಂತಹ ಅಗತ್ಯಗಳಿಂದ ಹಿತ್ತಲಿನಲ್ಲೋ ಹೊಲದ ಬದಿಯಲ್ಲೋ ಎರಡನೆಯ ಮನೆಗೆ ಪಾಯ ಬೀಳುತ್ತದೆ. ಹತ್ತು ವರ್ಷ ಹಾಲು, ಗೂಡು, ಟೊಮೆಟೊ ಮಾರಿ ಕೂಡಿಟ್ಟ ಹಣ ಅದರಲ್ಲಿ ಸೇರಿಹೋಗುತ್ತದೆ. ಕಾಗದಪತ್ರ ಸರಿಯಿಲ್ಲದೆ ಕಟ್ಟಿದ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ; ಅದನ್ನು ಮಾರಲು ಕಷ್ಟ; ನೋಟೀಸು ಬಂದರೆ ನಿದ್ರೆಯೂ ಇಲ್ಲ. ಆದುದರಿಂದ ಕಲ್ಲು, ಸಿಮೆಂಟು ತರಿಸುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಅಗತ್ಯ: ಕಟ್ಟಲಿರುವ ನೆಲ ಯಾವ ಬಗೆಯದು?

ನಿಯಮ ನೆಲವನ್ನು ಅನುಸರಿಸುತ್ತದೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹಿತ್ತಲ ಮನೆಗೆಂದೇ ಪ್ರತ್ಯೇಕ ಕಾನೂನಿದೆ. ಅಲ್ಲಿ 2020ರಿಂದ ಪೂರ್ಣ ಅರ್ಜಿ ಬಂದ 60 ದಿನಗಳೊಳಗೆ ಸ್ಥಳೀಯ ಸಂಸ್ಥೆ ತೀರ್ಮಾನ ತಿಳಿಸಬೇಕು. ಪಕ್ಕದಲ್ಲೂ ಹಿಂಬದಿಯಲ್ಲೂ 4 ಅಡಿ ಬಿಟ್ಟು 800 ಚದರಡಿವರೆಗೆ ಕಟ್ಟುವ ಮನೆಯನ್ನು ನಿವೇಶನ ಚಿಕ್ಕದೆಂದು ಹೇಳಿ ತಡೆಯುವಂತಿಲ್ಲ. ಕರ್ನಾಟಕದಲ್ಲಿ ಇಂತಹ ಪ್ರತ್ಯೇಕ ಕಾನೂನು ಇಲ್ಲ. ಇಲ್ಲಿ ಎರಡನೆಯ ಮನೆಯೂ ಒಂದು ಕಟ್ಟಡವೇ. ಅದು ನಿಂತ ನೆಲ ಗ್ರಾಮಠಾಣವೋ, ಸಾಗುವಳಿ ಜಮೀನೋ, ನಗರಸಭೆಯ ನಿವೇಶನವೋ, ಗಣಿಯ ಜಾಗವೋ ಎಂಬುದರ ಮೇಲೆ ನಿಯಮ ಬೇರೆಯಾಗುತ್ತದೆ. ಮಾರಿಕುಪ್ಪಂನಲ್ಲಿ ಈ ನಾಲ್ಕು ಬಗೆಯ ನೆಲವೂ ನಾಲ್ಕಾರು ಮೈಲಿಗಳೊಳಗೆ ಸಿಗುತ್ತವೆ. ಒಬ್ಬರಿಗೆ ನಡೆದದ್ದು ಪಕ್ಕದ ಊರಿನವರಿಗೆ ನಡೆಯದೆ ಹೋಗುವುದು ಈ ಕಾರಣದಿಂದಲೇ.

1. ಗ್ರಾಮಠಾಣದ ಮನೆ

ಹಳ್ಳಿಯ ಗ್ರಾಮಠಾಣದೊಳಗೆ ಹೊಸ ಕಟ್ಟಡ ಕಟ್ಟಲು, ಇದ್ದುದನ್ನು ಹೆಚ್ಚಿಸಲು ಅಥವಾ ಬದಲಿಸಲು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಹಿತ್ತಲಲ್ಲಿ ಕಟ್ಟುವ ಒಂದು ಕೋಣೆಗೂ ಇದು ಅನ್ವಯಿಸುತ್ತದೆ. ಸದಸ್ಯರ ಬಾಯಿಮಾತಿನ ಒಪ್ಪಿಗೆ ಅನುಮತಿ ಆಗಲಾರದು. ಇ-ಸ್ವತ್ತು ವ್ಯವಸ್ಥೆಯಲ್ಲಿ ಸ್ವತ್ತಿನ ನಮೂನೆ ಪಡೆದು, ಹಕ್ಕುಪತ್ರ ಅಥವಾ ಕ್ರಯಪತ್ರ, ತೆರಿಗೆ ರಸೀದಿ ಹಾಗೂ ಮನೆಯ ನಕ್ಷೆಯೊಡನೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಬೇಕು. ಖಾತೆ ಮತ್ತು ತೆರಿಗೆ ರಸೀದಿಗಳು ತೆರಿಗೆ ಕಟ್ಟಿದ್ದಕ್ಕೆ ದಾಖಲೆ. ಅವುಗಳಿಂದಲೇ ಮಾಲೀಕತ್ವ ಸಿದ್ಧವಾಗುವುದಿಲ್ಲ ಎಂಬುದನ್ನು ಮರೆಯಬಾರದು.

2. ಸಾಗುವಳಿ ಜಮೀನಿನ ತೋಟದ ಮನೆ

1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಪ್ರಕರಣ ರೈತನಿಗೆ ಅನುಕೂಲವಾದುದು. ಬೇಸಾಯವನ್ನು ಉತ್ತಮಗೊಳಿಸಲು ತನ್ನ ಜಮೀನಿನಲ್ಲಿ ಬಾವಿ ತೋಡಲು, ಕೊಟ್ಟಿಗೆ, ಉಗ್ರಾಣ, ತೋಟದ ಮನೆ ಕಟ್ಟಲು ಭೂಪರಿವರ್ತನೆ ಬೇಕಿಲ್ಲ. ಆದರೆ ತೋಟದ ಮನೆ ಹಿಡುವಳಿಯ ನೂರಕ್ಕೆ 10 ಭಾಗವನ್ನು ಮೀರಬಾರದು. ಅದರ ಮೇಲೆ ನಿಯಮಗಳಲ್ಲಿ ಗೊತ್ತುಪಡಿಸಿದ ಗರಿಷ್ಠ ಮಿತಿಯೂ ಉಂಟು. ಎರಡು ಎಕರೆ, ಎಂದರೆ 80 ಗುಂಟೆ ಇರುವ ರೈತನಿಗೆ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ 8 ಗುಂಟೆ ಬರುತ್ತದೆ. 20 ಗುಂಟೆ ಮಾತ್ರ ಉಳ್ಳವನಿಗೆ 2 ಗುಂಟೆ. ಇತರ ಕಟ್ಟಡ ಕಾನೂನುಗಳಿಗೆ ಒಳಪಟ್ಟೇ ಈ ಹಕ್ಕು ಇರುವುದರಿಂದ ಪಂಚಾಯಿತಿಯಲ್ಲಿ ವಿಚಾರಿಸದೆ ಪಾಯ ತೆಗೆಯಬಾರದು. ಜಮೀನು ಕೆ.ಜಿ.ಎಫ್. ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶಕ್ಕೆ ಸೇರಿದ್ದರೆ ಅಲ್ಲಿಯೂ ಕೇಳತಕ್ಕದ್ದು.

ತೋಟದ ಮನೆ ಬೇಸಾಯಕ್ಕೆ ಪೂರಕವಾಗಿರಬೇಕು. ಹೊಲದಲ್ಲಿ ಸಾಲಾಗಿ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಬಿಟ್ಟರೆ ಅದು ಬೇಸಾಯೇತರ ಬಳಕೆ. ಅದಕ್ಕೆ ಭೂಪರಿವರ್ತನೆಯ ಆದೇಶ ಬೇಕು. ಆದೇಶವಿಲ್ಲದೆ ಬಳಸಿದರೆ 96ನೇ ಪ್ರಕರಣದಂತೆ ದಂಡ ಮತ್ತು ತೆರವಿಗೆ ಅವಕಾಶವಿದೆ. 2020ರಲ್ಲಿ ಭೂಸುಧಾರಣಾ ಕಾನೂನಿನ 79-ಎ ಮತ್ತು 79-ಬಿ ಪ್ರಕರಣಗಳು ರದ್ದಾದ ಮೇಲೆ ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಆದರೆ ಕೊಂಡ ಜಮೀನನ್ನು ನಿವೇಶನ ಮಾಡುವ ಹಕ್ಕು ಅದರಿಂದ ಬಂದಿಲ್ಲ. ಬೆಂಗಳೂರು–ಚೆನ್ನೈ ವೇಗದ ಹೆದ್ದಾರಿ ಮಾಲೂರು, ಬಂಗಾರಪೇಟೆ, ಕೆ.ಜಿ.ಎಫ್. ತಾಲ್ಲೂಕುಗಳಲ್ಲಿ ಹಾದುಹೋಗಿರುವುದರಿಂದ ಹೊಲ ತುಂಡುಮಾಡಿ ಮಾರುವವರ ಮಾತಿಗೆ ಮರುಳಾಗದೆ ಪರಿವರ್ತನೆಯ ಆದೇಶ ಮತ್ತು ಅನುಮೋದಿತ ವಿನ್ಯಾಸ ನಕ್ಷೆ ಎರಡನ್ನೂ ಕಣ್ಣಾರೆ ನೋಡಬೇಕು.

3. ನಗರಸಭೆಯ ನಿವೇಶನ

ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ ಮುಂತಾದ ಕಡೆ ನಗರಸಭೆಯ ಅನುಮತಿ ಬೇಕು. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ ಹಾಗೂ ಕಟ್ಟಡ ಉಪವಿಧಿಗಳು ಇಲ್ಲಿ ಅನ್ವಯಿಸುತ್ತವೆ. ನಿವೇಶನದ ಸುತ್ತ ಇಷ್ಟು ಜಾಗ ಬಿಡಬೇಕು, ಇಷ್ಟು ಭಾಗದಲ್ಲಿ ಮಾತ್ರ ಕಟ್ಟಬೇಕು, ಎಲ್ಲ ಅಂತಸ್ತು ಸೇರಿ ಇಷ್ಟು ಚದರಡಿ ಮೀರಬಾರದು ಎಂಬ ಮೂರು ಲೆಕ್ಕಗಳಿವೆ. ಹಳೆಯ ಮನೆ ಈ ಮಿತಿಯನ್ನು ಮುಟ್ಟಿದ್ದರೆ ಹಿತ್ತಲಲ್ಲಿ ಖಾಲಿ ಜಾಗ ಕಂಡರೂ ಹೊಸ ಮನೆಗೆ ಅವಕಾಶವಿರದು. ಬೆಳಕು, ಗಾಳಿ ಮತ್ತು ಬೆಂಕಿ ಆರಿಸುವ ವಾಹನಕ್ಕಾಗಿ ಬಿಡಿಸಿದ ಜಾಗವನ್ನು ಮುಚ್ಚಿದರೆ ಮೊದಲು ಕಷ್ಟಪಡುವವರು ಆ ಮನೆಯವರೇ.

2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ತೀರ್ಪಿನಲ್ಲಿ, ಕಟ್ಟಡ ನಕ್ಷೆಯಂತೆ ಮುಗಿದಿದೆಯೆಂಬ ಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ನಿರ್ದೇಶಿಸಿತು. ಎಷ್ಟು ಅಳತೆಯ ಮನೆಗೆ ಯಾವ ಪತ್ರ ಬೇಕೆಂಬುದನ್ನು ನಗರಸಭೆಯಲ್ಲೂ ವಿದ್ಯುತ್ ಕಚೇರಿಯಲ್ಲೂ ಮೊದಲೇ ತಿಳಿದುಕೊಂಡರೆ ಗೋಡೆ ಎದ್ದ ಮೇಲೆ ದೀಪಕ್ಕಾಗಿ ಅಲೆಯುವುದು ತಪ್ಪುತ್ತದೆ.

4. ಗಣಿಯ ಜಾಗ

ಭಾರತ್ ಗೋಲ್ಡ್ ಮೈನ್ಸ್ ಕಂಪೆನಿಯ ಗಣಿಗಳು 2001ರ ಫೆಬ್ರವರಿ ಕೊನೆಗೆ ಮುಚ್ಚಿದವು. ಕೆಲಸದ ಮೇಲೆ ಕೊಟ್ಟಿದ್ದ ಲೈನು ಮನೆಗಳಲ್ಲಿ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಸಂಸಾರ ಬೆಳೆದಂತೆ ಮುಂದೆ ಹಿಂದೆ ಒಂದೊಂದು ಕೋಣೆ ಸೇರಿಸುವುದು ಸಹಜ. ಆದರೆ ಮನೆಯಲ್ಲಿ ವಾಸವಿರುವುದೇ ನೆಲದ ಮೇಲಿನ ಹಕ್ಕಾಗದು. ನೆಲ ಯಾರ ಹೆಸರಿನಲ್ಲಿದೆ ಎಂಬ ದಾಖಲೆ ನೋಡದೆ ಪಕ್ಕಾ ಕಟ್ಟಡಕ್ಕೆ ಹಣ ಹಾಕುವುದು ಅಪಾಯ. ಇನ್ನೊಂದು ಅಪಾಯ ನೆಲದ್ದೇ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ಹಳೆಯ ಬಾವಿಗಳು ಮತ್ತು ಸುರಂಗಗಳ ಮೇಲೆ, ಸೈನೈಡ್ ದಿಬ್ಬಗಳ ಬುಡದಲ್ಲಿ ಮನೆ ಕಟ್ಟತಕ್ಕದ್ದಲ್ಲ. ಬೇಸಿಗೆ ಗಾಳಿಗೆ ಆ ದಿಬ್ಬದ ಧೂಳು ಮನೆಯೊಳಕ್ಕೆ ಬರುವುದನ್ನು ಆ ಭಾಗದವರು ಬಲ್ಲರು.

ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಗಳನ್ನು 94-ಸಿ ಮುಂತಾದ ಪ್ರಕರಣಗಳಡಿ ಸಕ್ರಮ ಮಾಡುವುದುಂಟು. ಅದು ಕಾನೂನು ಗೊತ್ತುಪಡಿಸಿದ ದಿನಾಂಕಕ್ಕೆ ಮುಂಚೆ ಕಟ್ಟಿದ ವಾಸದ ಮನೆಗಳಿಗಷ್ಟೇ. ಮುಂದೆ ಸಕ್ರಮವಾದೀತೆಂದು ಇಂದು ಕಟ್ಟುವುದು ಜೂಜಾಟವಾಗುತ್ತದೆ.

ಮನೆಯೊಳಗಿನ ಒಪ್ಪಿಗೆ

ಇಲಾಖೆಯ ಅನುಮತಿಯಷ್ಟೇ ಮುಖ್ಯವಾದುದು ಕುಟುಂಬದ ಒಪ್ಪಿಗೆ. ಒಬ್ಬ ರೈತನಿಗೆ ಮೂರು ಎಕರೆ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಎಂದಿಟ್ಟುಕೊಳ್ಳಿ. ಜಮೀನು ಪಿತ್ರಾರ್ಜಿತ, ವಿಭಾಗವಾಗಿಲ್ಲ. ಹಿರಿಯ ಮಗ ತನ್ನ ದುಡಿಮೆಯ ಹಣದಿಂದ ಬೋರ್‌ವೆಲ್ ಪಕ್ಕದಲ್ಲಿ ಮನೆ ಕಟ್ಟುತ್ತಾನೆ. ಹಣ ಅವನದಾದರೂ ನೆಲ ಎಲ್ಲರದು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಮಗಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ತಂದೆ ಇರುವಾಗಲೇ ಎಲ್ಲರೂ ಕೂತು ಮಾತಾಡಿ, ವಿಭಾಗಪತ್ರ ನೋಂದಾಯಿಸಿ, ಸರ್ವೆ ಮಾಡಿಸಿ, ಪಹಣಿ ಬೇರೆ ಮಾಡಿಸಿಕೊಂಡು ಕಟ್ಟಿದರೆ ಹಬ್ಬಕ್ಕೆ ಅಕ್ಕತಂಗಿಯರು ಬರುವ ಬಾಗಿಲು ತೆರೆದೇ ಇರುತ್ತದೆ. ಹಾಗೆ ಮಾಡದೆ ಕೋರ್ಟು ಹತ್ತಿದ ಮೇಲೆ ಮನೆಯ ಬೆಲೆಗಿಂತ ವಕೀಲರ ಖರ್ಚು ಹೆಚ್ಚಾಗಬಹುದು.

ನೀರು ಮತ್ತು ಶೌಚಾಲಯ

ಕೋಲಾರ ಜಿಲ್ಲೆಯಲ್ಲಿ ಕುಡಿಯುವ ನೀರು ಬಹುಪಾಲು ಬೋರ್‌ವೆಲ್‌ನದು. ಎರಡನೆಯ ಮನೆಯೊಡನೆ ಎರಡನೆಯ ಶೌಚಾಲಯ ಬರುತ್ತದೆ. ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಎಂದರೆ ಸುಮಾರು 60 ಅಡಿ ದೂರವಿರಬೇಕೆಂಬುದು ಭಾರತೀಯ ಮಾನಕದ ಸೂಚನೆ. ಪಕ್ಕದವರ ಬಾವಿಯಿಂದಲೂ ಅಳೆಯಬೇಕು. ಹೊಸ ಚಾವಣಿಯ ಮಳೆನೀರನ್ನು ಹಿಡಿಯುವ ತೊಟ್ಟಿಯನ್ನು ನಕ್ಷೆಯಲ್ಲೇ ಸೇರಿಸಿದರೆ ಖರ್ಚು ಕಡಿಮೆ.

ಕೊನೆಯದಾಗಿ, ಪಾಯಕ್ಕೆ ಮುಂಚೆ ಮಾಡಬೇಕಾದ ಕೆಲಸಗಳು ಇಷ್ಟು:

ಅ) ಪಹಣಿ ಅಥವಾ ಸ್ವತ್ತಿನ ನಮೂನೆ ತೆಗೆಸಿ ನೆಲದ ಬಗೆ ತಿಳಿಯುವುದು. ಕೆ.ಜಿ.ಎಫ್. ಈಗ ಬೇರೆ ತಾಲ್ಲೂಕಾಗಿರುವುದರಿಂದ ದಾಖಲೆ ಅಲ್ಲಿದೆಯೋ ಬಂಗಾರಪೇಟೆಯಲ್ಲಿದೆಯೋ ವಿಚಾರಿಸುವುದು.
ಆ) ಪಾಲುದಾರರೆಲ್ಲರ ಒಪ್ಪಿಗೆಯನ್ನು ಬರೆವಣಿಗೆಯಲ್ಲಿ ಪಡೆಯುವುದು.
ಇ) ನಕ್ಷೆಯೊಡನೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳುವುದು.
ಈ) ಲಿಖಿತ ಅನುಮತಿ ಕೈಗೆ ಬಂದ ಮೇಲೆ, ಅದರಲ್ಲಿರುವ ಅಳತೆಗೆ ತಕ್ಕಂತೆ ಮಾತ್ರ ಕಟ್ಟುವುದು.

ಅನುಮತಿಗಾಗಿ ಕಾಯುವ ಕೆಲವು ವಾರಗಳು ದೀರ್ಘವೆನಿಸಬಹುದು. ಮನೆಯಾದರೋ ಎರಡು ತಲೆಮಾರು ನಿಲ್ಲತಕ್ಕದ್ದು. ಬೀಜ ಬಿತ್ತುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸುವ ರೈತರು ಪಾಯ ತೋಡುವ ಮುಂಚೆ ನೆಲದ ದಾಖಲೆಯನ್ನೂ ಹಾಗೆಯೇ ಪರೀಕ್ಷಿಸಿಕೊಳ್ಳಲಿ.