ಚೀಟಿಯಲ್ಲಿ ಬರೆಯದ ಕಾರಣ
(ಸಭೆಯಲ್ಲಿ ಆಡಿದ ಮಾತು)



ಆಸ್ಪತ್ರೆಯಲ್ಲಿ ಮಗು ಸತ್ತರೆ ಒಂದು ಚೀಟಿ ಕೊಡುತ್ತಾರೆ. ನ್ಯುಮೋನಿಯಾ, ನಂಜು, ತೂಕ ಕಡಿಮೆ ಅಂತ ಬರೆದಿರುತ್ತದೆ. ಅದು ಸುಳ್ಳಲ್ಲ. ಡಾಕ್ಟರನ್ನು ಬೈಯಲು ನಾವು ಸೇರಿಲ್ಲ. ಆದರೆ ಚೀಟಿ ಅರ್ಧ ಕಥೆ ಮಾತ್ರ ಹೇಳುತ್ತದೆ.

ತೂಕ ಯಾಕೆ ಕಡಿಮೆ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಹೊಗೆಸೊಪ್ಪಿನ ಸೀಮೆ. ನಮ್ಮ ಬಸುರಿ ಹೆಂಗಸು ಹಸಿ ಸೊಪ್ಪು ಮುರಿಯುತ್ತಾಳೆ, ಬ್ಯಾರನ್ ಮುಂದೆ ಕೂತು ಕಟ್ಟುತ್ತಾಳೆ. ಒದ್ದೆ ಸೊಪ್ಪಿನ ನಿಕೋಟಿನ್ ಅಂಗೈ ಚರ್ಮದಿಂದಲೇ ಒಳಗಿಳಿಯುತ್ತದೆ. ತಲೆ ಸುತ್ತಿ ವಾಂತಿ ಬಂದರೆ, 'ಬಸುರಿ ಅಲ್ವಾ, ಆಯ್ತದೆ ಬುಡವ್ವ' ಅಂತಾರೆ ಜಮೀನಿನವರು. ಮೈಯಲ್ಲಿ ರಕ್ತವಿಲ್ಲದ ತಾಯಿಗೆ ದಿನ ತುಂಬುವ ಮೊದಲೇ ಹೆರಿಗೆ. ಹುಟ್ಟಿದ ಕೂಸು ಅಳುವುದಿಲ್ಲ, ಉಸಿರು ಕಟ್ಟುತ್ತದೆ.

ಹಾಡಿಯವರದು ಇನ್ನೂ ಕಡೆ. ನಾಗರಹೊಳೆ ಸುತ್ತಿನ ಕಾಡುಗಳಿಂದ 3,418 ಆದಿವಾಸಿ ಕುಟುಂಬಗಳನ್ನು ಎಬ್ಬಿಸಿದ್ದಾರೆಂದು ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಹೇಳಿತು. ಗೆಡ್ಡೆ, ಜೇನು ಹೋದವು. ಕೊಡಗಿನ ತೋಟದ ಜೀಪು ಬಂತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ಸಾಯುವವು ಪರಿಶಿಷ್ಟರಲ್ಲಿ ಸುಮಾರು 41. ಮೇಲ್ಜಾತಿಗಳೇ ಹೆಚ್ಚಿರುವ 'ಇತರರು' ಎಂಬ ಗುಂಪಿನಲ್ಲಿ 28. ರೋಗಾಣುವಿಗೆ ಜಾತಿ ಗೊತ್ತೇ? ಕೇರಿ ಊರಾಚೆ ಇರುವುದು, ಕುಡಿಯುವ ನೀರು ಚರಂಡಿ ಪಕ್ಕ ಬರುವುದು, ಅದನ್ನು ಯಾರು ಮಾಡಿದರು?

'ತಡವಾಗಿ ತಂದ್ರಿ' ಅಂತಾರೆ. ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರು, ಪಿರಿಯಾಪಟ್ಟಣದಿಂದ ಸುಮಾರು 70. 2008ರಿಂದ 108 ಗಾಡಿ ಇದೆ, ಫೋನು ಸಿಗದ ಹಾಡಿಗೆ ಅದೂ ದೂರವೇ. ಕೂಲಿ ಬಿಟ್ಟರೆ ಒಲೆ ಹಚ್ಚುವಂತಿಲ್ಲ ಅಂತ ತಾಯಿ ಒಂದು ದಿನ ಕಾಯುತ್ತಾಳೆ. ಆ ಒಂದು ದಿನಕ್ಕೆ ಅವಳನ್ನೇ ಕೊಲೆಗಾತಿ ಮಾಡುತ್ತಾರೆ!

ನಾವು ತಿಳಿಯಬೇಕಾದ್ದೂ ಇದೆ. ಉಸಿರೆಳೆದಾಗ ಎದೆಗೂಡು ಒಳಗೆ ಹೋದರೆ, ಮಗು ಮೊಲೆ ಬಿಟ್ಟರೆ, ಮೈ ತಣ್ಣಗಾದರೆ ಬೆಳಗಾಗಲೆಂದು ಕಾಯಬೇಡಿ. ಎಳೆಗೂಸನ್ನು ಬರೀ ಎದೆಗೆ ಅವುಚಿಕೊಂಡು, ಮೇಲೆ ಸೀರೆ ಹೊದ್ದು ಹೊರಡಿ. ಭೇದಿಯಾದರೆ ನೀರು ನಿಲ್ಲಿಸಬೇಡಿ. ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ತಾಲ್ಲೂಕು ಆಸ್ಪತ್ರೆಯಿಂದ ಮೈಸೂರಿಗೆ ಕಳಿಸುವಾಗ ಮೊದಲ ಇಂಜೆಕ್ಷನ್ ಇಲ್ಲೇ ಕೊಡಿ, ಗಾಡಿಯಲ್ಲಿ ಆಕ್ಸಿಜನ್ ಹಾಕಿ ಅಂತ ಕೇಳಿ. ಚೀಟಿಯ ಮೇಲೆ ಗಂಟೆ ಬರೆಸಿಕೊಳ್ಳಿ. ಮುಂದಿನ ಸಭೆಗೆ ಪ್ರತಿ ಕೇರಿ, ಪ್ರತಿ ಹಾಡಿಯವರೂ ಒಂದು ನೋಟ್‌ಬುಕ್ ತನ್ನಿ: ಮಗು ಯಾವಾಗ ಕಾಯಿಲೆ ಬಿತ್ತು, ಗಾಡಿ ಎಷ್ಟು ಹೊತ್ತಿಗೆ ಬಂತು, ತಾಯಿ ಆ ತಿಂಗಳು ಯಾರ ಹೊಲದಲ್ಲಿದ್ದಳು.