ರಾತ್ರಿಶಾಲೆಗೆ ಲೆಕ್ಕದ ಹಾಳೆ ಬರಲಿ
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹಗಲು ಎಂಜಲು ತಟ್ಟೆ ಎತ್ತಿ, ರಾತ್ರಿಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತವನು ನಾನು. ಹೆಚ್ಚು ದುಡಿದ ತಾಸುಗಳ ಸಂಬಳ ಕೇಳಿದಾಗ ಧನಿ, "ಲೆಕ್ಕ ಎಲ್ಲಿದೆ?" ಎಂದರು. ನನ್ನಲ್ಲಿ ಚೀಟಿಯೂ ಇರಲಿಲ್ಲ.

ಮುಂಬಯಿಯ ನಮ್ಮ ಕನ್ನಡ ರಾತ್ರಿಶಾಲೆಗಳು ಇನ್ನು ಗೂಗಲ್ ಶೀಟ್ಸ್ ಕಲಿಸಲಿ. 2006ರಲ್ಲಿ ಬಂದ ಸಾಧನವಿದು. ಕಾಸು ಬೇಡ, ಮೊಬೈಲು ಸಾಕು. ಇಡೀ ವರ್ಗ ಒಂದೇ ಹಾಳೆಯಲ್ಲಿ ಬರೆಯಬಹುದು. ಯಾರು, ಯಾವಾಗ ತಿದ್ದಿದರೆಂಬುದೂ ಉಳಿಯುತ್ತದೆ.

ಮೊದಲ ಪಾಠ ನಮ್ಮ ದುಡಿಮೆಯದೇ ಆಗಲಿ. ಬಂದ ಹೊತ್ತು ಒಂದು ಕಾಲಂ, ಬಿಟ್ಟ ಹೊತ್ತು ಇನ್ನೊಂದು. ಕಳೆದರೆ ತಾಸು ಸಿಕ್ಕಿತು. ನಡುರಾತ್ರಿ ದಾಟಿದರೆ ಮಾತ್ರ ಉತ್ತರ ತಪ್ಪುತ್ತದೆ. ಗಂಟೆಯ ಜೊತೆ ತಾರೀಖನ್ನೂ ಹಾಕಿರಿ. ಹೋಟೆಲಿನವರು ಇದನ್ನು ಮರೆಯಬಾರದು.

ತನ್ನ ವ್ಯಾಪ್ತಿಗೆ ಬರುವಲ್ಲಿ ಹೆಚ್ಚಿನ ತಾಸಿಗೆ ಇಮ್ಮಡಿ ಸಂಬಳವೆಂದು ಮಹಾರಾಷ್ಟ್ರದ 2017ರ ಕಾಯಿದೆ ಹೇಳುತ್ತದೆ. ನಮ್ಮ ತಮ್ಮಂದಿರು ಅದನ್ನು ಬರಿಗೈಯಲ್ಲಿ ಕೇಳುವಂತಾಗದಿರಲಿ.