ಗ್ರಾಮೀಣ ಯುವಕ ಮಂಡಳಿಗಳ ನೋಂದಣಿ: ಉಪನ್ಯಾಸದ ಪಠ್ಯ



ಊರಿನ ಯುವಕರು ಸೇರಿ ಗಣೇಶೋತ್ಸವ ನಡೆಸುತ್ತಾರೆ, ವಾಲಿಬಾಲ್ ಪಂದ್ಯಾವಳಿ ಏರ್ಪಡಿಸುತ್ತಾರೆ, ಕೆರೆ ಏರಿಯ ಮುಳ್ಳುಗಿಡ ಸವರುತ್ತಾರೆ. ಕೂಡಿ ಕೆಲಸ ಮಾಡಲು ನೋಂದಣಿ ಬೇಕಿಲ್ಲ. ಅದರ ಪ್ರಶ್ನೆ ಹುಟ್ಟುವುದು ಹಣ ಉಳಿದಾಗ. ಚಂದಾ ಉಳಿಕೆಯನ್ನು ನಂಬಿಕಸ್ಥನೊಬ್ಬನ ಉಳಿತಾಯ ಖಾತೆಯಲ್ಲಿ ಇಡುವುದು ಹಳ್ಳಿಗಳಲ್ಲಿ ವಾಡಿಕೆ. ಆತ ಪ್ರಾಮಾಣಿಕನೇ ಇರಬಹುದು. ಆದರೆ ಆತ ಅಕಾಲದಲ್ಲಿ ತೀರಿಕೊಂಡರೆ ಬ್ಯಾಂಕು ಆ ಹಣವನ್ನು ನಾಮನಿರ್ದೇಶಿತರಿಗೋ ವಾರಸುದಾರರಿಗೋ ಕೊಡುತ್ತದೆಯೇ ಹೊರತು ಮಂಡಳಿಗಲ್ಲ. ಸೂತಕದ ಮನೆಯ ಬಾಗಿಲಿಗೆ ಹೋಗಿ ಊರಿನ ದುಡ್ಡು ಕೇಳುವ ಸಂಕಟ ಯಾವ ಯುವಕರಿಗೂ ಬರಬಾರದು. ನೋಂದಾಯಿತ ಸಂಘಕ್ಕೆ ತನ್ನದೇ ಹೆಸರಿನಲ್ಲಿ ಖಾತೆ ಇರುತ್ತದೆ. ಪದಾಧಿಕಾರಿಗಳು ಬದಲಾದರೂ ಸಂಘ ಉಳಿಯುತ್ತದೆ.

ನಮ್ಮ ರಾಜ್ಯದಲ್ಲಿ ಇದಕ್ಕಿರುವ ಕಾನೂನು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960. ಶಿಕ್ಷಣ, ಕ್ರೀಡೆ, ಸಾಹಿತ್ಯ, ಲಲಿತಕಲೆ, ಸಮಾಜ ಸೇವೆ ಮುಂತಾದ ಉದ್ದೇಶಗಳಿಗಾಗಿ 18 ವರ್ಷ ಮೀರಿದ ಕನಿಷ್ಠ 7 ಮಂದಿ ಜ್ಞಾಪನ ಪತ್ರಕ್ಕೆ ಸಹಿ ಮಾಡಿ, ನಿಯಮಾವಳಿಯೊಂದಿಗೆ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಪ್ರೌಢಶಾಲೆಯ ಹುಡುಗರು ಆಟದಲ್ಲಿ ಎಷ್ಟೇ ಮುಂದಿದ್ದರೂ ಆ ಸಹಿಗಳಲ್ಲಿ ಅವರದು ಸೇರಕೂಡದು.

ಹೆಸರಿನ ವಿಷಯ ಸಣ್ಣದೆಂದು ತೋರುತ್ತದೆ, ಆದರೆ ಹಲವು ಅರ್ಜಿಗಳು ಅಲ್ಲಿಯೇ ಎಡವುತ್ತವೆ. ವಿವೇಕಾನಂದರ ಹೆಸರಿನ ಯುವಕ ಸಂಘ ಯಾವ ತಾಲ್ಲೂಕಿನಲ್ಲಿ ಇಲ್ಲ? ಈಗಾಗಲೇ ನೋಂದಣಿಯಾದ ಸಂಘದ ಹೆಸರನ್ನೇ ಹೋಲುವ ಹೆಸರಿಗೆ ಒಪ್ಪಿಗೆ ದೊರೆಯುವುದಿಲ್ಲ. ಊರಿನ ಅಥವಾ ಕೇರಿಯ ಹೆಸರನ್ನು ಮುಂದೆ ಸೇರಿಸಿಕೊಂಡು, ಎರಡು ಮೂರು ಪರ್ಯಾಯಗಳನ್ನು ಮೊದಲೇ ಯೋಚಿಸಿಟ್ಟುಕೊಳ್ಳುವುದು ಲೇಸು.

ಜ್ಞಾಪನ ಪತ್ರದಲ್ಲಿ ಸಂಘದ ಹೆಸರು, ಉದ್ದೇಶಗಳು, ಆಡಳಿತ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗ ಇರತಕ್ಕದ್ದು. ನಿಯಮಾವಳಿ, ಅಂದರೆ ಜನರು ಬೈಲಾ ಎನ್ನುವುದು, ಹೆಚ್ಚಿನ ವಿವೇಚನೆ ಬೇಡುತ್ತದೆ. ಪಕ್ಕದೂರಿನ ಬೈಲಾದ ಜೆರಾಕ್ಸ್ ತಂದು ಹೆಸರು ಮಾತ್ರ ತಿದ್ದುವ ಪದ್ಧತಿಯೊಂದಿದೆ. ಜಗಳ ಬಂದ ದಿನ ಅದರ ಬೆಲೆ ತಿಳಿಯುತ್ತದೆ. ಸದಸ್ಯತ್ವ ಯಾರಿಗೆ, ಶುಲ್ಕ ಎಷ್ಟು, ಕೋರಂ ಎಷ್ಟು, ಚುನಾವಣೆ ಎಷ್ಟು ವರ್ಷಕ್ಕೊಮ್ಮೆ, ಚೆಕ್ಕಿಗೆ ಯಾರ ಸಹಿ, ಸದಸ್ಯನನ್ನು ತೆಗೆಯುವ ಮುನ್ನ ಅವನ ಮಾತು ಕೇಳುವವರು ಯಾರು ಎಂಬುದನ್ನು ಕುಳಿತು ಚರ್ಚಿಸಿ ಬರೆದುಕೊಳ್ಳಬೇಕು. ಖಜಾಂಚಿಯೊಬ್ಬನ ಸಹಿಗೇ ಹಣ ಬಿಡುವ ಬೈಲಾ ಖಜಾಂಚಿಗೂ ಹಿತವಲ್ಲ. ಯುವತಿಯರನ್ನು ರಂಗೋಲಿ ಸ್ಪರ್ಧೆಗೆ ಮಾತ್ರ ಕರೆಯುವ ಮಂಡಳಿಗಳು ಆಡಳಿತ ಮಂಡಳಿಯಲ್ಲಿ ಅವರಿಗೆ ಸ್ಥಾನ ಕೊಡುವ ನಿಯಮವನ್ನು ಆರಂಭದಲ್ಲಿಯೇ ಬರೆದುಕೊಂಡರೆ, ಮುಂದೆ ಯಾರ ಕೃಪೆಗೂ ಕಾಯಬೇಕಾಗುವುದಿಲ್ಲ.

ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮೇಲೆ ಬಹುತೇಕ ಸಂಘಗಳು ಕಚೇರಿಯತ್ತ ಸುಳಿಯುವುದಿಲ್ಲ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ ಕರೆಯಬೇಕು. ಸಭೆ ನಡೆದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಜಮಾ ಖರ್ಚಿನ ತಃಖ್ತೆಯನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ವರ್ಷಗಟ್ಟಲೆ ಇದನ್ನು ಮರೆತ ಸಂಘವು ನೆರವಿಗೆ ಅರ್ಜಿ ಹಾಕುವಾಗ ಹಳೆಯ ರಸೀದಿಗಳನ್ನು ಹುಡುಕಿಕೊಂಡು ಮನೆಮನೆ ಅಲೆಯುತ್ತದೆ. ಸಂಘ ವಿಸರ್ಜನೆಯಾದರೂ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ದೂರವಾಗಬೇಕು. ನೋಂದಣಿಯೆಂದರೆ ಅನುದಾನವಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಯೋಜನೆಗಳಿಗೆ ಅವುಗಳದೇ ಷರತ್ತುಗಳಿವೆ. ಹಾಗೆಯೇ, ಯುವಕರು ವರ್ಷಗಳಿಂದ ಆಡುತ್ತಿರುವ ಮೈದಾನ ಗ್ರಾಮ ಪಂಚಾಯಿತಿಯದಾಗಿದ್ದರೆ, ಪ್ರಮಾಣಪತ್ರ ಕೈಗೆ ಬಂದ ಮಾತ್ರಕ್ಕೆ ಅದು ಸಂಘದ್ದಾಗುವುದಿಲ್ಲ. ಬಳಕೆಗೆ ಲಿಖಿತ ಮನವಿ ಸಲ್ಲಿಸಿ, ಪಂಚಾಯಿತಿ ಸಭೆಯ ನಿರ್ಣಯವಾಗಿ ನಡಾವಳಿಯಲ್ಲಿ ದಾಖಲಿಸಿಕೊಂಡು, ಅದರ ದೃಢೀಕೃತ ಪ್ರತಿಯನ್ನು ಸಂಘದ ಕಡತದಲ್ಲಿ ಇಟ್ಟುಕೊಳ್ಳಬೇಕು.